ಮಂಚದ ಕಂಬಿಯ ಮೇಲೆ ಮೂರು ಪೆಟ್ಟು

ಮಾರ್ಚ್ 4

ಅಕ್ಕಾ,

ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಏಕೆಂದರೆ ನನ್ನ ಕೈಬರಹ ನೋಡಿದ ಕೂಡಲೇ ನೀನು ಕಾಗದವನ್ನು ಒಲೆಗೆ ಹಾಕಿದರೂ ಹಾಕಬಹುದು. ನಿಮ್ಮ ಗಣಿ ಕ್ಯಾಂಪಿನಲ್ಲಿ ಫೋನು ಹಿಡಿಯುವುದಿಲ್ಲ ಎಂದು ಹಿಂದೊಮ್ಮೆ ನೀನೇ ಬರೆದಿದ್ದೆ. ಹಿಡಿದರೂ ಫೋನಿನಲ್ಲಿ ನಾನು ಏನು ಮಾತಾಡುತ್ತೇನೆಂದು ನಿನಗೆ ಗೊತ್ತು. ಒಂದು ಹಲೋ, ಆಮೇಲೆ ಬರೀ ಉಸಿರು.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ದೊಡ್ಡ ಟ್ರಂಕಿನ ಮುಚ್ಚಳ ಮಡಿಸುತ್ತಿದ್ದರು. ತಗಡಿನ ಇನ್ನೊಂದು ಅಂಚನ್ನು ನಾನು ಹಿಡಿದಿದ್ದೆ. ಸುತ್ತಿಗೆ ಎತ್ತಿದ ಕೈ ಹಾಗೇ ನಿಂತಿತು. ಪೆಟ್ಟು ಬೀಳಲಿ ಎಂದು ನಾನು ಕಾಯುತ್ತಾ ನಿಂತೆ. ಸುತ್ತಿಗೆ ಜಾರಿ ಅವರ ಪಾದದ ಮೇಲೆ ಬಿತ್ತು. ಅವರು ಯಾರನ್ನೂ ಬೈಯಲಿಲ್ಲ. ಏನೋ ಆಗಬಾರದ್ದು ಆಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಟ್ರಂಕಿಗೆ ಬಣ್ಣ ಬಳಿಯುತ್ತಿದ್ದ ಬಣ್ಣದಣ್ಣ ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದ. ಟ್ರಂಕು ಸಾಗಿಸುವ ಗಾಡಿಯಲ್ಲೇ ಮಲಗಿಸಿಕೊಂಡು ಹೋದೆವು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಬಾಯಿ ಒಂದು ಕಡೆಗೆ ಜಾರಿದೆ. ಜನರಲ್ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆ ಕೊಟ್ಟಿದ್ದಾರೆ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಸ್ ಡ್ರೈವರ್ ಇದ್ದಾನೆ. ಅವನ ಹೆಂಡತಿಗೆ ಬಾಯಿ ಸುಮ್ಮನಿರುವುದಿಲ್ಲ. ನಿನ್ನೆ ಅಪ್ಪನ ಮುಖವನ್ನು ತುಂಬಾ ಹೊತ್ತು ನೋಡಿ, "ಅಲ್ಲ ಕಣಮ್ಮ, ನಿಮ್ಮಪ್ಪ ಮೊದಲಿಂದ್ಲೂ ಇಷ್ಟು ಸಿಡುಕನಾ, ಇಲ್ಲ ಬಾಯಿ ಸೊಟ್ಟ ಆಗಿದ್ದಕ್ಕೆ ಹಾಗೆ ಕಾಣ್ತಾರಾ?" ಎಂದು ಕೇಳಿದಳು. ನಾನು ಅಪ್ಪನ ಬಾಯಿ ಒರೆಸಿದೆ.

ನೀನು ಬರಬೇಕೆಂದು ಬರೆಯುತ್ತಿಲ್ಲ. ತಿಳಿಸಬೇಕಾದ್ದನ್ನು ತಿಳಿಸಿದ್ದೇನೆ.

ನಿನ್ನ ತಂಗಿ

---

ಮಾರ್ಚ್ 12

ಚೋಟು,

ಒಲೆಗೆ ಹಾಕಲಿಲ್ಲ. ಎರಡು ಸಲ ಓದಿದೆ. ಆಮೇಲೆ ಕ್ಯಾಂಪಿನವರಿಗೆ ಊಟ ಬಡಿಸುವಾಗ ಪೂರ್ತಿ ಹೊತ್ತು ಹಾಡು ಗುನುಗುತ್ತಿದ್ದೆನಂತೆ. ಸ್ಟೋರಿನವನು ಕೇಳಿದ, "ಏನಮ್ಮಾ, ಮದುವೆ ಗೊತ್ತಾಯ್ತಾ?" "ಅದಕ್ಕಿಂತ ಒಳ್ಳೇ ಸುದ್ದಿ ಬಂದಿದೆ" ಅಂದೆ. ಅಂದು ಎಲ್ಲರ ತಟ್ಟೆಗೂ ಒಂದೊಂದು ಸೌಟು ಹೆಚ್ಚೇ ಬಿತ್ತು. ನಿನ್ನ ಅಪ್ಪನ ಹೆಸರಿನಲ್ಲಿ ಇಷ್ಟು ಜನರ ಹೊಟ್ಟೆ ತುಂಬಿದ್ದು ಇದೇ ಮೊದಲಿರಬೇಕು.

ಅದೇನು ನಿನ್ನ ಕಾಗದದ ತುಂಬಾ ಅವರು, ಇದ್ದಾರೆ, ಮಡಿಸುತ್ತಿದ್ದರು! ಯಾರಿಗೆ ಈ ಮರ್ಯಾದೆ? ನಿನಗೆ ಮರೆತಿದ್ದರೆ ನಾನು ನೆನಪು ಮಾಡಿಕೊಡುತ್ತೇನೆ. ಆ ದಿನ ಅಮ್ಮನಿಗೆ ಬೆಳಗಿನಿಂದ ಹೊಟ್ಟೆನೋವು. ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಅಂಗಡಿಯ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲವೆಂದು ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿನ ಕರೆ ಇತ್ತಲ್ಲ, ಅವಳು ಅವನ ಕರೆಯನ್ನೇ ಲೋಟದಿಂದ ಗೋಡೆಗೆ ಬಡಿದಳು. ಊಟಕ್ಕೆ ಕರೆಯುವಾಗ ಬಡಿಯುತ್ತಿದ್ದದ್ದೂ ಅದನ್ನೇ. ಅವನು ಸುತ್ತಿಗೆ ನಿಲ್ಲಿಸಿದ. ನಿಲ್ಲಿಸಿ, ತಲೆ ಓರೆ ಮಾಡಿ, ಕೇಳಿಸಿಕೊಂಡ. ನಾನು ನೋಡಿದೆ. ಆಮೇಲೆ ಮತ್ತೆ ಹೊಡೆಯತೊಡಗಿದ.

"ಅಮ್ಮ ಕರೀತಿದ್ದಾಳೆ" ಅಂದೆ. "ಹಾಸ್ಟೆಲ್ ಟ್ರಂಕು ಇವತ್ತೇ ಹೋಗ್ಬೇಕು. ಅಂಚು ಹಿಡಿ" ಅಂದ. ನಾನು ಅಂಚು ಬಿಟ್ಟು ಹೊರಟರೆ ಜಡೆ ಹಿಡಿದು ಎಳೆದು ತಂದು ನಿಲ್ಲಿಸಿದ. ಸಂಜೆಯ ಹೊತ್ತಿಗೆ ಗೋಡೆಯ ಸದ್ದು ನಿಂತಿತು. ಮಧ್ಯಾಹ್ನವೇ ಕರೆತಂದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಹೇಳಿದ್ದು ನಿನಗೂ ಕೇಳಿಸಿತ್ತು. ಅವನು ಬಂದವರಿಗೆಲ್ಲ ಒಂದೇ ಮಾತು ಹೇಳಿದ, "ತಗಡಿನ ಸದ್ದಲ್ಲಿ ಕೇಳಿಸ್ಲಿಲ್ಲ." ಎಲ್ಲರೂ ಅವನ ಬೆನ್ನು ಸವರಿದರು. ಪಾಪ ಅಂದರು. ಅಷ್ಟು ಜನರ ಎದುರಿಗೆ ನಾನೊಬ್ಬಳು, "ಕೇಳಿಸ್ತು, ಅವನಿಗೆ ಕೇಳಿಸ್ತು" ಅಂದೆ. ಅದಕ್ಕೆ ಸಿಕ್ಕ ಬಹುಮಾನ ಇದು: ನನ್ನ ಬಟ್ಟೆಗಳು ಬೀದಿಯಲ್ಲಿ, ಅವನೇ ಮಾಡಿದ ಟ್ರಂಕಿನಲ್ಲಿ. ಆ ಟ್ರಂಕು ಈಗಲೂ ನನ್ನ ಮಂಚದ ಕೆಳಗಿದೆ. ಚಿಲಕ ಗಟ್ಟಿಮುಟ್ಟಾಗಿದೆ. ಅಷ್ಟು ಮಾತ್ರ ಒಪ್ಪಬೇಕು.

ಅವನಿಗೆ ನೋವಿದೆಯಾ? ಇದ್ದರೆ ಎಲ್ಲಿ, ಎಷ್ಟು, ಎಲ್ಲವನ್ನೂ ಬರೆ. ಇಲ್ಲಿ ಸಾಮಾನಿನ ಲಾರಿಯ ಜೊತೆ ವಾರಕ್ಕೊಮ್ಮೆ ಟಪಾಲು ಬರುತ್ತದೆ. ಆ ಲಾರಿಯನ್ನು ನಾನು ಇಷ್ಟು ಆಸೆಯಿಂದ ಎಂದೂ ಕಾದಿರಲಿಲ್ಲ.

ಅಕ್ಕ

---

ಮಾರ್ಚ್ 19

ಅಕ್ಕಾ,

ಎಲ್ಲವನ್ನೂ ಬರೆ ಎಂದಿದ್ದೀಯ. ಬರೆಯುತ್ತೇನೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಮೊದಲು. ನೀನು ಹೋದ ಮೇಲೆ ಅಪ್ಪನ ಕಿವಿ ಹೋಯಿತು. ಅಂದು ಹೇಳಿದ್ದು ಸುಳ್ಳು, ಇದು ನಿಜ. ಹಗಲೆಲ್ಲ ತಗಡು ಬಡಿದು ಬಡಿದು ಬಲಗಿವಿ ಪೂರ್ತಿ, ಎಡಗಿವಿ ಮುಕ್ಕಾಲು ಹೋಗಿದೆ. ಗಿರಾಕಿಗಳ ಎದುರಿಗೆ ತೋರಿಸಿಕೊಳ್ಳುವುದಿಲ್ಲ. ಅವರ ತುಟಿ ಅಲುಗಿದ ಕಡೆಗೆ ಗೋಣು ಆಡಿಸುತ್ತಾನೆ. ಅಂಗಡಿಯಲ್ಲಿ ಈಗ ನಡೆಯುವುದೆಲ್ಲ ಪೆಟ್ಟಿನ ಮಾತೇ. ಸದ್ದು ಕೇಳಿಸದಿದ್ದರೂ ಅದು ಕಬ್ಬಿಣದಲ್ಲಿ ಹಾದು ಅವನ ಕೈಗೆ ತಿಳಿಯುತ್ತದೆ.

ಇನ್ನೊಂದು. ಅವನಿಗೆ ಬುದ್ಧಿ ಸರಿಯಾಗಿದೆ. ಬಿದ್ದ ಮರುದಿನವೇ ನನಗೆ ಗೊತ್ತಾಯಿತು. ಎಡಗೈ ಬೆರಳಿನಲ್ಲಿ ಸ್ಟೀಲಿನ ಉಂಗುರವಿದೆ, ಅದರಿಂದ ಮಂಚದ ಕಂಬಿಯನ್ನು ಬಡಿಯುತ್ತಾನೆ. ನೀರು ಬೇಕೆಂದರೆ ನೀರಿನ ಪೆಟ್ಟು. ಮಗ್ಗುಲು ಬದಲಿಸಬೇಕೆಂದರೆ 'ತಗಡು ತಿರುಗಿಸು' ಎನ್ನುವ ಪೆಟ್ಟು. ತನ್ನ ಮೈಯೇ ತಗಡು ಅವನಿಗೆ. ಬಡಿದು ನನ್ನ ಕಡೆ ನೋಡುತ್ತಾನೆ. ಕರೆದವರಿಗೆ ಒಂದು ಪೆಟ್ಟು ಹೊಡೆದು 'ಬಂದೆ' ಎನ್ನಬೇಕಲ್ಲ. ನಾನು ಕೈ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತೇನೆ. ಹೊರಗೆ ಸೈಕಲ್ ನಿಲ್ಲಿಸುವ ಜಾಗವಿದೆ, ನೋಡಲು ಅಂಥದ್ದೇನೂ ಇಲ್ಲ.

ಹೆದರಬೇಡ, ನರ್ಸಮ್ಮ ಅವಳ ಹೊತ್ತಿಗೆ ನೀರು ಕೊಡುತ್ತಾಳೆ, ಮಗ್ಗುಲು ಬದಲಿಸುತ್ತಾಳೆ. ಅವನಿಗೆ ಬೇಕಾದಾಗ ಅಲ್ಲ, ಅಷ್ಟೇ. ವಾರ್ಡಿನವರು ಅವನಿಗೆ ಮರಕುಟಿಗ ಎಂದು ಹೆಸರಿಟ್ಟಿದ್ದಾರೆ. ಸದ್ದು ಜಾಸ್ತಿಯೆಂದು ಬೇರೆಯವರು ದೂರಿದ್ದಕ್ಕೆ ನರ್ಸಮ್ಮ ಕಂಬಿಗೆ ಟವೆಲು ಸುತ್ತಿದಳು. ಅವನು ಕೈ ಮೇಲೆ ಜರುಗಿಸಿ ಬರೀ ಕಬ್ಬಿಣ ಎಲ್ಲಿದೆಯೆಂದು ಹುಡುಕಿದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನನ್ನ ಹಾಗೆ ಮೆಲುದನಿ. ಬಲಗಡೆ ನಿಂತು, "ತಾತಾ, ಕಣ್ಣು ಮುಚ್ಚಿ ನೋಡೋಣ. ನನ್ನ ಬೆರಳು ಹಿಡ್ಕೊಳ್ಳಿ ನೋಡೋಣ" ಎಂದಳು. ಅವನು ಗೋಡೆ ನೋಡುತ್ತಿದ್ದ. "ಏನಾದ್ರೂ ಅರ್ಥ ಆಗ್ತಿದೆ ಅನ್ಸುತ್ತಾಮ್ಮ?" ಎಂದು ನನ್ನನ್ನು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. "ಕಿವಿ ಕೇಳ್ಸುತ್ತೆ ತಾನೆ?" ಎಂದಳು. ಹೌದೆಂದು ತಲೆಯಾಡಿಸಿದೆ. ಎರಡೇ ಸಲ ತಲೆಯಾಡಿಸಿದ್ದು. ನಾಚಿಕೆ ಸ್ವಭಾವದವರು ಸುಳ್ಳು ಹೇಳುತ್ತಾರೆಂದು ಯಾರೂ ಅಂದುಕೊಳ್ಳುವುದಿಲ್ಲ.

ಭಾನುವಾರ ಬಣ್ಣದಣ್ಣ ನೋಡಲು ಬಂದಿದ್ದ. ಅವನಿಗೆ ಪೆಟ್ಟಿನ ಮಾತೆಲ್ಲ ಬರುತ್ತದೆ. ಮೆಟ್ಟಿಲ ಹತ್ತಿರವೇ ತಡೆದು, "ಒಳಗೆ ಬಿಡಲ್ವಂತೆ ಅಣ್ಣ" ಎಂದೆ. "ನಾನು ಬಂದಿದ್ದೆ ಅಂತನಾದ್ರೂ ಹೇಳವ್ವ" ಎಂದು ಕಣ್ಣೊರೆಸಿಕೊಂಡು ಹೋದ. ನಾನು ಹೇಳಲಿಲ್ಲ.

ಇದಕ್ಕಿಂತ ವಿವರ ಬೇಕಾ?

ತಂಗಿ

---

ಮಾರ್ಚ್ 27

ನನ್ನ ಚೋಟು,

ಲಾರಿಯ ಪಕ್ಕದಲ್ಲೇ ನಿಂತು ಓದಿದೆ. ಓದಿ ಕೂಗಿಬಿಟ್ಟೆ. ಲಾರಿಯವನು ಚೇಳು ಕಡಿಯಿತೆಂದು ಓಡಿಬಂದ. ನೀನು ಅಮ್ಮನ ಮಗಳು ಕಣೆ! ನಾಲ್ಕು ಜನರೆದುರು ನೆಟ್ಟಗೆ ನಿಲ್ಲಲಾರದ ಹುಡುಗಿ, ಕೈ ಮಡಿಲಲ್ಲಿಟ್ಟುಕೊಂಡು ಇಂಥ ಕೆಲಸ ಮಾಡುತ್ತೀಯೆಂದು ಯಾರು ಅಂದುಕೊಂಡಿದ್ದರು! ನಾನು ಎಷ್ಟೋ ವರ್ಷ ಹಾಸಿಗೆಯಲ್ಲಿ ಹೊರಳಾಡುತ್ತಾ ಅವನಿಗೆ ಏನೇನೋ ಆಗಲಿ ಎಂದು ಬಯಸಿದ್ದೇನೆ, ಬಸ್ಸಿಗೆ ಸಿಕ್ಕಲಿ, ಅಂಗಡಿಗೆ ಬೆಂಕಿ ಬೀಳಲಿ, ಎಂಥೆಂಥದೋ. ಇಷ್ಟು ಅಚ್ಚುಕಟ್ಟಾದದ್ದು ನನಗೂ ಹೊಳೆದಿರಲಿಲ್ಲ.

ಬಡಿಯಲಿ. ಉಂಗುರ ಸವೆಯುವ ತನಕ ಬಡಿಯಲಿ. ನೀನು ಅಲ್ಲೇ ಕೂತಿರು, ಎದ್ದು ಹೋಗಬೇಡ. ಎದುರಿಗೆ ಯಾರೂ ಇಲ್ಲದಿದ್ದರೆ ಅವನಿಗೆ ಸಮಾಧಾನ ಸಿಕ್ಕಿಬಿಡುತ್ತದೆ. ಇದ್ದೂ ಬರಲಿಲ್ಲ ಅನ್ನುವುದು ಹೇಗಿರುತ್ತದೆಂದು ತಿಳಿಯಲಿ. ಅಮ್ಮನಿಗೆ ಗೊತ್ತಿತ್ತು, ನಾವೆಲ್ಲ ಗೋಡೆಯ ಈಚೆಗೇ ಇದ್ದೇವೆಂದು.

ಬಣ್ಣದಣ್ಣನನ್ನು ಹತ್ತಿರ ಬಿಡಬೇಡ. ಅವನ ಮನಸ್ಸು ಬೆಣ್ಣೆ, ಎಲ್ಲ ಕೆಡಿಸುತ್ತಾನೆ.

ಇಲ್ಲಿ ಎಲ್ಲ ಎಂದಿನಂತೆ. ದೊಡ್ಡ ಒಲೆ ಕೆಟ್ಟು ಎರಡು ದಿನ ಎಲ್ಲರೂ ಬ್ರೆಡ್ಡು ತಿಂದರು. ಮೇಸ್ತ್ರಿ ನನ್ನನ್ನು ಬೈಯಲು ಬಂದವನು ನನ್ನ ಮುಖ ನೋಡಿ, ಒಲೆಗೆ ಬೈದು ಹೋದ.

ಆಮೇಲೆ, ಸುಮ್ಮನೆ ಕೇಳುತ್ತಿದ್ದೇನೆ. ನನ್ನ ಕರೆ ನಿನಗೆ ನೆನಪಿದೆಯಲ್ಲ, ಒಂದು, ತಡೆದು ಎರಡು. ಒಟ್ಟು ಮೂರು ಪೆಟ್ಟು. ಅದನ್ನೇನಾದರೂ ಹೊಡೆಯುತ್ತಾನಾ? ಹೊಡೆದರೆ ಇಲ್ಲಿ ಕೂತು ಕುಣಿದಾಡೋಣವೆಂದು ಕೇಳಿದ್ದು, ಬೇರೇನಿಲ್ಲ.

ಅಕ್ಕ

---

ಏಪ್ರಿಲ್ 3

ಅಕ್ಕಾ,

ಇಲ್ಲ. ನಿನ್ನ ಕರೆ ಹೊಡೆದಿಲ್ಲ. ಒಮ್ಮೆಯೂ ಇಲ್ಲ.

ಅವನನ್ನು ಇಲ್ಲಿಂದ ಎಲ್ಲಿಗೆ ಕಳಿಸುವುದೆಂದು ಡಾಕ್ಟರಮ್ಮ ಈ ತಿಂಗಳಲ್ಲಿ ನಿರ್ಧರಿಸುತ್ತಾಳಂತೆ. ಕೆಳಗಡೆ ಒಂದು ವಾರ್ಡಿದೆ. ಅಲ್ಲಿ ಮಾತು, ನಡಿಗೆ, ತುತ್ತು ಎತ್ತುವುದು ಎಲ್ಲವನ್ನೂ ಮತ್ತೆ ಮೊದಲಿನಿಂದ ಕಲಿಸುತ್ತಾರೆ. ಹಾಸಿಗೆ ಕಡಿಮೆ. ಹೇಳಿದ್ದು ಅರ್ಥವಾಗುವವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅರ್ಥವಾಗದವರು ಮೇಲಿನ ಮಹಡಿಗೆ ಹೋಗುತ್ತಾರೆ. ಡ್ರೈವರ್ ಹೆಂಡತಿ ಮೇಲೆ ಹೋಗಿ ನೋಡಿಬಂದು ಹೇಳಿದಳು, "ಅಲ್ಲಿಗೆ ಹೋಗೋದೂ ಲಿಫ್ಟಲ್ಲಿ, ಬರೋದೂ ಲಿಫ್ಟಲ್ಲಿ ಕಣಮ್ಮ. ಬರುವಾಗ ಮುಖಕ್ಕೆ ಬಟ್ಟೆ ಹಾಕಿರ್ತಾರೆ, ಅಷ್ಟೇ ವ್ಯತ್ಯಾಸ." ಅವಳ ಗಂಡ ಮಲಗಿದಲ್ಲಿಂದಲೇ, "ಸ್ವಲ್ಪ ಬ್ರೇಕ್ ಹಾಕೇ" ಎಂದ.

ಡಾಕ್ಟರಮ್ಮ ಮತ್ತೆ ಕೇಳಿದಳು. ನಾನು ಮತ್ತೆ ಇಲ್ಲವೆಂದು ತಲೆಯಾಡಿಸಿದೆ.

ತಂಗಿ

---

ಏಪ್ರಿಲ್ 10

ಚೋಟು,

ಸರಿ. ಒಳ್ಳೆಯದೇ ಆಯಿತು. ನೀರು ಕೇಳಲು ನೆನಪಿದೆ, ತಗಡು ತಿರುಗಿಸಲು ನೆನಪಿದೆ, ಮಗಳು ನೆನಪಿಲ್ಲ. ಮೇಲಿನ ಮಹಡಿಗೇ ಹೋಗಲಿ. ಎಲ್ಲಿ ಬೇಕೋ ಅಲ್ಲಿ ರುಜು ಹಾಕಿ ಕಳಿಸು. ಇನ್ನು ನನಗೆ ಕಾಗದ ಬರೆಯಬೇಡ. ಅವನು ಸತ್ತರೆ ಮಾತ್ರ ಬರೆ, ಅದೂ ಒಂದೇ ಸಾಲು.

ಒಂದು ಮಾತು ಎದೆಯಲ್ಲಿ ಉಳಿದಿದೆ, ಹೇಳಿಯೇ ಮುಗಿಸುತ್ತೇನೆ. ಅಂದು ಅಷ್ಟು ಜನರ ನಡುವೆ ನಾನು ಕೂಗಿದಾಗ ಎಲ್ಲರೂ ನಿನ್ನ ಕಡೆ ತಿರುಗಿದರು. "ಹೌದೇನೇ ಚೋಟು, ನಿನಗೂ ಕೇಳಿಸ್ತಾ?" ಎಂದು ದೊಡ್ಡತ್ತೆ ಕೇಳಿದಳು. ನೀನು ನೆಲ ನೋಡಿದೆ. ಒಂದು ಸಲ ಹೂಂ ಅಂದಿದ್ದರೆ ಸುಳ್ಳಿ ಅನ್ನಿಸಿಕೊಂಡು ನಾನು ಬೀದಿಗೆ ಬೀಳುತ್ತಿರಲಿಲ್ಲ. ಈಗ ಅವನ ಮೇಲೆ ಸೇಡು ತೀರಿಸುತ್ತಿದ್ದೀಯ, ಸಂತೋಷ. ನಿನಗೆ ಬರುವುದು ಆ ಒಂದೇ ವಿದ್ಯೆ, ಸುಮ್ಮನಿರುವುದು. ಅದನ್ನು ನೀನು ಮೊದಲು ಮಾಡಿದ್ದು ನನ್ನ ಮೇಲೆ.

ಅಕ್ಕ

---

ಏಪ್ರಿಲ್ 16

ಅಕ್ಕಾ,

ಬರೆಯಬೇಡ ಎಂದೆ ನೀನು. ಆದರೂ ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದು.

ನೆಲ ನೋಡಿದೆ ನಿಜ. ಅಂದು ನನ್ನ ತಲೆ ಅವನ ಸೊಂಟಕ್ಕೆ ಬರುತ್ತಿತ್ತು, ನೀನು ಅವನ ಭುಜಕ್ಕೆ ಬರುತ್ತಿದ್ದೆ. ಹೂಂ ಅಂದಿದ್ದರೆ ಅವನು ಇಬ್ಬರನ್ನೂ ಬೀದಿಗೆ ಹಾಕುತ್ತಿದ್ದನೋ, ನನ್ನನ್ನು ಒಳಗಿಟ್ಟುಕೊಂಡು ಬಾಗಿಲು ಹಾಕುತ್ತಿದ್ದನೋ, ನಿನಗೆ ಗೊತ್ತಾ? ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನೀನು ಟ್ರಂಕು ಎತ್ತಿಕೊಂಡು ತಿರುಗಿ ನೋಡದೆ ಹೋದೆ. ಮರುವಾರವೇ ನನ್ನ ಸ್ಕೂಲು ನಿಂತಿತು. ತಗಡಿನ ಇನ್ನೊಂದು ಅಂಚು ಹಿಡಿಯಲು ಯಾರಾದರೂ ಬೇಕಿತ್ತಲ್ಲ. ನಾಲ್ಕನೇ ಕ್ಲಾಸಿನ ಪುಸ್ತಕಗಳನ್ನು ಬಣ್ಣದಣ್ಣ ಬ್ರಷ್ ಒರೆಸಲು ತೆಗೆದುಕೊಂಡ. ನಿನ್ನ ಜಾಗದಲ್ಲಿ ನಾನು ಈವರೆಗೂ ನಿಂತಿದ್ದೇನೆ. ನಿನ್ನ ಕಾಗದಗಳಲ್ಲಿ ಅಮ್ಮ ಇದ್ದಾಳೆ, ಅವನಿದ್ದಾನೆ, ನೀನಿದ್ದೀಯ. ನನ್ನ ಕೈ ಹೇಗಿದೆ ಎಂದು ಒಂದು ಸಲವಾದರೂ ಕೇಳಿದೆಯಾ? ತಗಡಿನ ಅಂಚು ಹಿಡಿದವರ ಕೈ ಹೇಗಿರುತ್ತದೆಂದು ನಿನಗೆ ಗೊತ್ತಲ್ಲ.

ಈಗ ಕೇಳು. ನಾನು ಬರೆದದ್ದು ಸುಳ್ಳು. ಅವನು ನಿನ್ನನ್ನೇ ಕರೆಯುತ್ತಿದ್ದಾನೆ. ಕಣ್ಣು ಬಿಟ್ಟ ಕೂಡಲೇ ಹೊಡೆದ ಮೊದಲ ಕರೆಯೇ ಅದು. ಒಂದು, ತಡೆದು ಎರಡು. ನೀರಿಗಿಂತ ಮೊದಲು. ಬೆಳಗ್ಗೆ ನರ್ಸಮ್ಮ ಹಾಸಿಗೆ ಬದಲಿಸುವಾಗ, ಊಟದ ಗಾಡಿ ಬಂದಾಗ, ಬಾಗಿಲಿನಲ್ಲಿ ಯಾವ ಹೆಂಗಸಿನ ನೆರಳು ಕಂಡರೂ ಅದೇ. ಟವೆಲಿನ ಮೇಲೂ ಹೊಡೆಯುತ್ತಾನೆ, ಸದ್ದೇ ಬರುವುದಿಲ್ಲ, ಆದರೂ ಹೊಡೆಯುತ್ತಾನೆ. ಹೊಡೆದು ನನ್ನನ್ನು ನೋಡುತ್ತಾನೆ, ಹೋಗಿ ಅವಳನ್ನು ಕರೆದುಕೊಂಡು ಬಾ ಎನ್ನುವ ಹಾಗೆ.

ನನಗೂ ಒಂದು ಕರೆ ಇತ್ತು. ಬೇಗ ಬೇಗ ಎರಡು ಪೆಟ್ಟು. ನೀನು ಹೋದ ಮೇಲೆ ಅದನ್ನು ಅವನು ಹೊಡೆದೇ ಇಲ್ಲ. ಕೈಯಳತೆಯಲ್ಲೇ ನಿಂತವಳನ್ನು ಯಾಕೆ ಕರೆಯಬೇಕು? ಆಸ್ಪತ್ರೆಯಲ್ಲಿಯೂ ಹೊಡೆಯಲಿಲ್ಲ. ಅವನ ಎಂಜಲು ಒರೆಸುವವಳು ನಾನು. ಅಮ್ಮನಿಗಾಗಿ ಬಾಯಿ ಮುಚ್ಚಿಕೊಂಡೆ ಎಂದು ನೀನು ಕುಣಿದೆ. ಅಮ್ಮನಿಗಾಗಿ ಸ್ವಲ್ಪ, ಉಳಿದದ್ದೆಲ್ಲ ನನಗಾಗಿ. ಅವನು ಕರೆದದ್ದು ನಿನಗೆ ಮುಟ್ಟಬಾರದು, ನೀನು ಕೇಳಿದ್ದು ನಿನಗೆ ಸಿಗಬಾರದು ಎಂದಿತ್ತು ನನಗೆ. ಹತ್ತು ದಿನ ನಿನ್ನ ಹೊಟ್ಟೆ ಉರಿಯಿತಲ್ಲ, ಸಾಕು.

ಇಂದು ಡಾಕ್ಟರಮ್ಮನ ಹತ್ತಿರ ಹೋಗಿ ನಿಂತೆ. ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು, ಪಾಪ ಅವಳು ಪೆನ್ನು ಕೆಳಗಿಟ್ಟು ಕಾದಳು. "ನಮ್ಮಕ್ಕ ಬರ್ತಾಳೆ. ಅಪ್ಪ ಕಂಬಿ ಬಡಿಯೋದು ಮಾತು. ಅವಳಿಗೆ ಅದು ಬರುತ್ತೆ" ಎಂದೆ. "ನಿಮಗೆ ಬರಲ್ವಾ?" ಎಂದಳು. "ನಾನಿರಲ್ಲ" ಎಂದೆ. ಕೆಳಗಿನ ವಾರ್ಡಿನ ಹಾಸಿಗೆಯನ್ನು ತಿಂಗಳ ಕೊನೆಯವರೆಗೆ ಇಟ್ಟಿರುತ್ತಾಳಂತೆ. ನೀನು ಬರದಿದ್ದರೆ ಅವನು ಮೇಲೆ ಹೋಗುತ್ತಾನೆ. ಅದು ನಿನಗೆ ಬಿಟ್ಟದ್ದು.

ಡ್ರೈವರ್ ಹೆಂಡತಿಯ ತಂಗಿ ಬೇರೆ ಊರಿನಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿದ್ದಾಳೆ. ನನಗೂ ಅಲ್ಲಿ ಕೆಲಸವಿದೆಯಂತೆ. ವಿಳಾಸ ಅವಳ ಹತ್ತಿರ ಇದೆ. ಅಂಗಡಿಯ ಬೀಗದ ಕೈಯನ್ನು ಬಣ್ಣದಣ್ಣನಿಗೆ ಕೊಟ್ಟಿದ್ದೇನೆ.

ಇನ್ನು ಅಂಚು ನೀನು ಹಿಡಿ.

ತಂಗಿ

---

ಮೇ 6

ಚೋಟು,

ಬಂದಿದ್ದೇನೆ. ಓಡಿಬಂದಳು ಎಂದು ನಗಬೇಡ. ಅವನು ಬಿದ್ದಿರುವುದನ್ನು ಕಣ್ಣಾರೆ ನೋಡಬೇಕಿತ್ತು, ಅದಕ್ಕೆ ಬಂದೆ. ನಿನ್ನ ಕಾಗದ ಓದಿದ ದಿನ ನೀನು ಎದುರಿಗಿದ್ದಿದ್ದರೆ ಸೌಟು ನಿನ್ನ ತಲೆಯ ಮೇಲೆ ಮುರಿಯುತ್ತಿತ್ತು. ಆಮೇಲೆ ನನ್ನ ಹಳೆಯ ಕಾಗದಗಳಲ್ಲಿ ಏನೇನು ಬರೆದಿದ್ದೆ ಎಂದು ನೆನಪು ಮಾಡಿಕೊಂಡೆ. ನಿನ್ನ ಕೈ ಹೇಗಿದೆ ಎಂದು ನಿಜವಾಗಿಯೂ ಕೇಳಿರಲಿಲ್ಲ. ಹೇಗಿದೆ?

ಡ್ರೈವರ್ ಹೆಂಡತಿ ನನ್ನನ್ನು ಬಾಗಿಲಲ್ಲೇ ಹಿಡಿದಳು. "ಓ, ನೀನೇನಾ ಆ ಅಕ್ಕ? ಅವಳ ಬಾಯಿಂದ ಒಂದು ಮಾತು ಬರ್ಲಪ್ಪಾ ಅಂತ ಕಾಯ್ಬೇಕಿತ್ತು. ನಿನ್ನ ಮುಖ ನೋಡಿದ್ರೆ ಒಂದು ನಿಮಿಷ ಸುಮ್ಮನಿರ್ಲಪ್ಪಾ ಅಂತ ಬೇಡ್ಕೋಬೇಕು ಅನ್ಸುತ್ತೆ." ಒಳ್ಳೆಯ ಹೆಂಗಸು.

ಅವನು ನನ್ನ ಮೂರು ಪೆಟ್ಟು ಹೊಡೆದ. ನಾನು ಕಾಲ ಬಳಿ ನಿಂತೆ, ಉತ್ತರ ಕೊಡಲಿಲ್ಲ. ಮಧ್ಯಾಹ್ನವೆಲ್ಲ ಹೊಡೆದ. ಸಂಜೆ ಕಂಬಿಗೆ ಒಂದು ಪೆಟ್ಟು ಹೊಡೆದೆ, 'ಬಂದೆ'. ಅವನ ಒಂದು ಕಣ್ಣಿನಿಂದ ಮಾತ್ರ ನೀರು ಸುರಿಯಿತು. ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ ಎಂದುಕೊಂಡಿದ್ದೆ. ನೋಡಿದರೆ ಹೊಟ್ಟೆ ತುಂಬಲಿಲ್ಲ. ಅತ್ತುಬಿಟ್ಟರೆ ಮುಗಿಯಿತಾ?

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ, ಕಿವಿಯದ್ದೂ ಸೇರಿ. "ನಿಮ್ಮ ತಂಗಿ ಯಾಕೆ ಹೇಳ್ಲಿಲ್ಲ?" ಎಂದು ಕೆಂಪಾದಳು. "ಅವಳು ಬಹಳ ನಾಚಿಕೆ ಸ್ವಭಾವದವಳು" ಎಂದೆ. ನಾನು ನಿನಗಾಗಿ ಹೇಳಿದ ಸುಳ್ಳು ಅದು, ಲೆಕ್ಕದಲ್ಲಿಟ್ಟುಕೋ. ಈಗ ಅವನು ಕೆಳಗಿನ ವಾರ್ಡಿನಲ್ಲಿದ್ದಾನೆ. ಎಡಗಿವಿಗೆ ಮಶೀನು ಹಾಕಿದ್ದಾರೆ. ಚಿಕ್ಕ ಬಟನ್ನಿನಷ್ಟಿದೆ. ಅವನಿಗೆ ಈಗ ಚಮಚ ಬಿದ್ದರೂ ಕೇಳಿಸುತ್ತದೆ.

ಅರ್ಥವಾಯಿತಾ ಚೋಟು? ಕೇಳಿಸುತ್ತದೆ.

ಮಶೀನು ಹಾಕಿದ ದಿನವೇ ಕುರ್ಚಿ ಎಳೆದುಕೊಂಡು ಅವನ ಎಡಗಡೆ ಕೂತೆ. "ಅಮ್ಮ ಲೋಟದಲ್ಲಿ ಗೋಡೆ ಬಡಿದಳು. ನೀನು ಸುತ್ತಿಗೆ ನಿಲ್ಲಿಸಿದೆ. ನಿನಗೆ ಕೇಳಿಸಿತು" ಎಂದು ಶುರು ಮಾಡಿದೆ. ದಿನವೂ ವ್ಯಾಯಾಮ ಮುಗಿದ ಮೇಲೆ ಹೇಳುತ್ತೇನೆ. ಬೆಳಗ್ಗೆ ಅವಳು ಏನು ಉಟ್ಟಿದ್ದಳು, ಎಷ್ಟು ಸಲ ಬಡಿದಳು, ಯಾವಾಗ ಪೆಟ್ಟು ಸಣ್ಣಗಾಯಿತು, ಒಂದನ್ನೂ ಬಿಡುವುದಿಲ್ಲ. ಅವನು ಎಡಗೈಯಿಂದ ಮಶೀನು ಕಿತ್ತುಹಾಕುತ್ತಾನೆ. ನಾನು ಅದನ್ನು ಒರೆಸಿ, ಮೆತ್ತಗೆ ಮತ್ತೆ ಕಿವಿಗಿಡುತ್ತೇನೆ. ಅಲ್ಲಿನ ನರ್ಸಮ್ಮ ಎಲ್ಲರಿಗೂ ನನ್ನನ್ನೇ ತೋರಿಸುತ್ತಾಳೆ, "ಮಗಳು ಅಂದ್ರೆ ಹೀಗಿರ್ಬೇಕು." ಮಾತು ಕಲಿಸುವ ಮೇಷ್ಟ್ರು ಬೇರೆ, "ಎಷ್ಟು ಮಾತಾಡಿಸ್ತೀರೋ ಅಷ್ಟು ಒಳ್ಳೇದು, ಮಿದುಳು ಚುರುಕಾಗುತ್ತೆ" ಅಂದಿದ್ದಾರೆ. ಚುರುಕಾಗಲಿ. ಅವನು ಚೇತರಿಸಿಕೊಳ್ಳಬೇಕು, ಚೆನ್ನಾಗಿ ಕೇಳಿಸಿಕೊಳ್ಳಬೇಕು, ನೂರು ವರ್ಷ ಬಾಳಬೇಕು. ನನಗೆ ಬೇರೆ ಯಾವ ಆಸೆಯೂ ಇಲ್ಲ.

ಈಗ ನಿನ್ನ ವಿಷಯ. ಈ ವಾರದಿಂದ ನನ್ನ ಕರೆ ನಿಂತಿದೆ. ನಾನು ಕುರ್ಚಿ ಎಳೆದರೆ ಸಾಕು, ಬೇಗ ಬೇಗ ಎರಡು ಪೆಟ್ಟು. ಬಾಗಿಲ ಕಡೆ ನೋಡುತ್ತಾ ಹೊಡೆಯುತ್ತಾನೆ. ನಿನ್ನದೇ ಅದು. ಸುಮ್ಮನೆ ಕೂರುವ ಮಗಳು ಬೇಕಂತೆ ಅವನಿಗೆ, ನನ್ನಿಂದ ಬಿಡಿಸಿಕೊಳ್ಳಲು. ನೀನು ನನ್ನಿಂದ ಮುಚ್ಚಿಟ್ಟೆ, ನಾನು ನಿನ್ನಿಂದ ಮುಚ್ಚಿಡುವುದಿಲ್ಲ. ಪ್ರೀತಿಯಿಂದ ಬರೆದೆ ಎಂದುಕೊಳ್ಳಬೇಡ. ನೀನು ಅಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಬಾರದು ಎಂದು ಬರೆದೆ.

ನೀನು ಬಂದು ಅವನನ್ನು ಕಾಪಾಡುತ್ತೀಯಾ?

ಅಕ್ಕ

---

ಮೇ 12

ಅಕ್ಕಾ,

ನಿನ್ನ ಆಸೆ ಈಡೇರಿತು. ಕಾಗದ ಬಂದ ದಿನ ನಿದ್ದೆ ಬರಲಿಲ್ಲ. ನನ್ನ ಕರೆ ಹೊಡೆದ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಸಂತೋಷವಾಯಿತು, ನಾಚಿಕೆಯಿಲ್ಲದೆ ಬರೆಯುತ್ತೇನೆ. ಯಾಕೆ ಹೊಡೆದ ಎಂಬ ಸಾಲನ್ನು ಆಮೇಲೆ ಓದಿದೆ.

ಕೈ ಕೇಳಿದೆಯಲ್ಲ. ಇಲ್ಲಿ ಬಿಸಿ ನೀರು, ಸೋಪು. ಗಾಯವೆಲ್ಲ ಮೆತ್ತಗಾಗಿ ಮಾಯುತ್ತಿದೆ. ಯಂತ್ರಗಳ ಸದ್ದು ನಮ್ಮ ಅಂಗಡಿಗಿಂತ ಜೋರು, ಪಕ್ಕದವಳಿಗೆ ಏನು ಹೇಳಬೇಕಾದರೂ ಕಿರುಚಬೇಕು. ಮೊದಲ ದಿನ ನನ್ನಿಂದಾಗದೆ ಅತ್ತೆ. ಈಗ ಆಗುತ್ತದೆ. ಮೇಲ್ವಿಚಾರಕಿ, "ಏಯ್, ಈ ಗಂಟಲು ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ನಕ್ಕಳು. ಕೆಲಸ ಮಾಡುತ್ತಲೇ ಆ ಸದ್ದಿನೊಳಗೆ ನಾನು ಹೇಳಬೇಕಾದ್ದನ್ನು ಹೇಳಿ ಹೇಳಿ ನೋಡುತ್ತಿದ್ದೇನೆ. ಯಾರಿಗೂ ಕೇಳಿಸುವುದಿಲ್ಲ, ಬಾಯಿಗೆ ರೂಢಿಯಾಗುತ್ತದೆ. ಅಮ್ಮನದ್ದು ನೀನು ಹೇಳಿದ್ದೀಯ. ಸ್ಕೂಲಿನದ್ದು, ಅಂಚಿನದ್ದು, ನೀನು ಹೋದ ಮೇಲೆ ಆ ಮನೆಯಲ್ಲಿ ಆದದ್ದೆಲ್ಲ ನಿನಗೂ ಗೊತ್ತಿಲ್ಲ. ಅದನ್ನು ನಾನೇ ಹೇಳಬೇಕು.

ಶನಿವಾರಕ್ಕೆ ರಜೆ ಕೇಳಿದ್ದೇನೆ, ಬಾಯಿಬಿಟ್ಟು ಕೇಳಿದೆ, ಕೊಟ್ಟರು. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಅವನು ನನ್ನ ಕರೆ ಹೊಡೆದಾಗ ನನ್ನ ಪರವಾಗಿ ಒಂದು ಪೆಟ್ಟು ಹೊಡೆದು 'ಬಂದೆ' ಅನ್ನು. ನಂಬಲಿ. ಚಿಕ್ಕವಳು ಬರುತ್ತಾಳೆ, ಪಕ್ಕದಲ್ಲಿ ಸುಮ್ಮನೆ ಕೂರುತ್ತಾಳೆ ಎಂದು ಶನಿವಾರದ ತನಕ ಸುಖವಾಗಿರಲಿ.

ಮಶೀನಿಗೆ ಹೊಸ ಬ್ಯಾಟರಿ ಹಾಕಿಸಿಡು. ನನ್ನ ದನಿ ಇನ್ನೂ ಸಣ್ಣದು. ಅವನಿಗೆ ಒಂದಕ್ಷರವೂ ತಪ್ಪಬಾರದು.

ಚೋಟು